ತಂದೆತನವೂ ಪ್ರಜಾಸತ್ತೆಯೂ

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ದೀಪಾವಳಿಗೆ ಮುಂಚೆ ಬೋನಸ್ ಕೇಳಲು ಹೋದಾಗ ನಮ್ಮಲ್ಲಿ ಅನೇಕರು ಒಂದು ಮಾತನ್ನು ಕೇಳಿದ್ದೇವೆ. "ನಾನು ನಿಮಗೆ ತಂದೆಯ ಸಮಾನ. ತಂದೆ ಮಕ್ಕಳ ನಡುವೆ ಸಂಘವೇಕೆ, ಕಾಯಿದೆಯೇಕೆ?" ಎನ್ನುತ್ತಾನೆ ಧಣಿ. ಕೇಳಲು ಹಿತವಾದ ಮಾತು. ಆದರೆ ಅದರ ಗಂಟು ಬಿಚ್ಚಿ ನೋಡಬೇಕು. ತಂದೆ ಕೊಟ್ಟರೆ ಅದು ಪ್ರೀತಿಯ ಕೊಡುಗೆ. ಕೊಡದಿದ್ದರೆ ಕೇಳುವಂತಿಲ್ಲ. ಕೇಳಿದರೆ ಮಗ ಉದ್ಧಟ. 1965ರಲ್ಲಿ ಬೋನಸ್ ಕಾಯಿದೆ ಬಂದಾಗ ಈ ಇನಾಮು ಹಕ್ಕಾಯಿತು. ಕಾಯಿದೆಯ ಮುಂದೆ ಧಣಿ ತಂದೆಯಲ್ಲ, ನಾವು ಮಕ್ಕಳಲ್ಲ. ಕೆಲಸ ಕೊಡುವವನು ಒಬ್ಬ, ದುಡಿಯುವವರು ನಾವು, ಅಷ್ಟೆ.

ಆಳುವವನು ತಂದೆಯ ವೇಷ ತೊಡುವುದು ಇಂದು ನಿನ್ನೆಯದಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಸರ್ ರಾಬರ್ಟ್ ಫಿಲ್ಮರ್ ಎಂಬ ಜಮೀನುದಾರನಿದ್ದ. ಅವನ 'ಪೇಟ್ರಿಯಾರ್ಕಾ' ಎಂಬ ಪುಸ್ತಕ ಅವನು ಸತ್ತ ಮೇಲೆ, 1680ರಲ್ಲಿ, ಅಚ್ಚಾಯಿತು. ಅವನ ವಾದ ಇಷ್ಟು: ದೇವರು ಮೊದಲ ಮನುಷ್ಯನಾದ ಆದಾಮನಿಗೆ ಮಕ್ಕಳ ಮೇಲೆ ಅಧಿಕಾರ ಕೊಟ್ಟ, ಆ ತಂದೆಯ ಅಧಿಕಾರವೇ ಇಳಿದು ಬಂದು ರಾಜರ ಕೈ ಸೇರಿದೆ, ಆದ್ದರಿಂದ ಆಳುವವನನ್ನು ಆರಿಸುವ ಸ್ವಾತಂತ್ರ್ಯ ಪ್ರಜೆಗಳಿಗೆ ಹುಟ್ಟಿನಿಂದಲೇ ಇಲ್ಲ.

1689ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ ಜಾನ್ ಲಾಕ್ ಇದಕ್ಕೆ ಉತ್ತರ ಕೊಟ್ಟ. ಅವನ ಎರಡು ಮಾತುಗಳನ್ನು ನಾವು ನೆನಪಿಡಬೇಕು. ಮೊದಲನೆಯದು: ಧರ್ಮಗ್ರಂಥ ಗೌರವಿಸಲು ಹೇಳಿರುವುದು ತಂದೆಯನ್ನೊಬ್ಬನನ್ನೇ ಅಲ್ಲ, ತಾಯಿಯನ್ನೂ. ಹಾಗಿದ್ದ ಮೇಲೆ ತಾಯಿಯ ಪಾಲು ಎಲ್ಲಿ ಹೋಯಿತು? ಎರಡನೆಯದು: ತಂದೆ ತಾಯಿಯ ಅಧಿಕಾರ ಮಗುವಿಗೆ ಬುದ್ಧಿ ಬಲಿಯುವ ತನಕ ಮಾತ್ರ. ಆಮೇಲೆ ಗೌರವ ಉಳಿಯುತ್ತದೆ, ಆಳ್ವಿಕೆ ಉಳಿಯುವುದಿಲ್ಲ.

ಅಂದರೆ ತಂದೆತನವೆಂಬುದು ಅವಧಿಯುಳ್ಳ ಅಧಿಕಾರ. ಮಗನನ್ನು ತನ್ನ ಕಾಲ ಮೇಲೆ ನಿಲ್ಲಿಸಿ ತಾನು ಬದಿಗೆ ಸರಿಯುವುದೇ ಒಳ್ಳೆಯ ತಂದೆಯ ಕೆಲಸ. ರಾಜನಾಗಲಿ ಧಣಿಯಾಗಲಿ ತೊಡುವ ತಂದೆಯ ವೇಷದಲ್ಲಿ ಇಲ್ಲದಿರುವುದು ಇದೇ. ಅವರ ಮಕ್ಕಳು ಎಂದೂ ದೊಡ್ಡವರಾಗುವಂತಿಲ್ಲ!

ವಾದದಲ್ಲಿ ಗೆದ್ದ ಈ ತತ್ವವನ್ನು ಮನೆಯೊಳಕ್ಕೆ ಕಾಯಿದೆಯಾಗಿ ತಂದವರು ಫ್ರಾನ್ಸ್ ದೇಶದ ಕ್ರಾಂತಿಕಾರಿಗಳು. ಕ್ರಾಂತಿಗೆ ಮುಂಚೆ ಅಲ್ಲಿ ರಾಜನ ಮೊಹರಿನ ಒಂದು ಪತ್ರ ಸಾಕು, ವಿಚಾರಣೆಯಿಲ್ಲದೆ ಯಾರನ್ನಾದರೂ ಸೆರೆಗೆ ತಳ್ಳಬಹುದಿತ್ತು. ಮಾತು ಕೇಳದ ಮಗನ ಮೇಲೆ ತಂದೆಯೇ ರಾಜನಿಗೆ ಅರ್ಜಿ ಕೊಟ್ಟು ಇಂಥ ಪತ್ರ ತರಿಸುವುದಿತ್ತು. ಮಿರಾಬೊ ಎಂಬ ಪ್ರಸಿದ್ಧ ವಾಗ್ಮಿಯ ಕಥೆ ಕೇಳಿ. ಅವನ ತಂದೆ 'ಮನುಷ್ಯರ ಮಿತ್ರ' ಎಂಬ ಪುಸ್ತಕ ಬರೆದು ಅದೇ ಹೆಸರಿನಿಂದ ಖ್ಯಾತನಾದವನು. ಲೋಕಕ್ಕೆಲ್ಲ ಮಿತ್ರನಾದ ಈ ದೊಡ್ಡ ಮನುಷ್ಯ ಸ್ವಂತ ಮಗನನ್ನು ಮೊಹರಿನ ಪತ್ರದ ಬಲದಿಂದ ಮತ್ತೆ ಮತ್ತೆ ಸೆರೆಗೆ ಹಾಕಿಸಿದ. 1777ರಿಂದ 1780ರ ತನಕ ಮಗ ವಿನ್ಸೆನ್ಸ್ ಕೋಟೆಯಲ್ಲಿ ಕೊಳೆತ. ಸೆರೆಗೆ ಹೋದಾಗ ಅವನು ಹುಡುಗನಲ್ಲ, 28 ವರ್ಷದ ಗಂಡಸು. ಮಗನೇನೂ ಸಾಧುವಲ್ಲ, ಸಾಲಗಾರ, ಪರರ ಹೆಂಡತಿಯೊಡನೆ ಓಡಿಹೋದವನು. ಆದರೆ ತಪ್ಪು ಮಾಡಿದವನಿಗೂ ವಿಚಾರಣೆ ಬೇಡವೇ? ತಂದೆಯ ಸಿಟ್ಟೇ ತೀರ್ಪಾಗಬಹುದೇ?

1789ರಲ್ಲಿ ಇದೇ ಮಗ ರಾಷ್ಟ್ರೀಯ ಸಭೆಯ ಮುಂದಾಳಾದ. 1790ರ ಮಾರ್ಚಿಯಲ್ಲಿ ಆ ಸಭೆ ಮೊಹರಿನ ಪತ್ರಗಳನ್ನು ರದ್ದು ಮಾಡಿತು. ತಂದೆ ಮನಬಂದಂತೆ ಉಯಿಲು ಬರೆದು ಒಬ್ಬ ಮಗನಿಗೆ ಕೊಟ್ಟು ಉಳಿದವರನ್ನು ಬೀದಿಗೆ ಹಾಕುವುದರ ವಿರುದ್ಧ ಮಿರಾಬೊ ಒಂದು ಭಾಷಣ ಸಿದ್ಧಪಡಿಸಿದ್ದ. ಅದನ್ನು ಹೇಳಲು ಅವನು ಉಳಿಯಲಿಲ್ಲ. 1791ರ ಏಪ್ರಿಲ್ 2ರಂದು ತೀರಿಕೊಂಡ. ಅದೇ ದಿನ ತಾಲೆರಾಂ ಆ ಭಾಷಣವನ್ನು ಸಭೆಯಲ್ಲಿ ಓದಿದ. 1792ರ ಆಗಸ್ಟಿನಲ್ಲಿ ವಯಸ್ಕ ಮಕ್ಕಳ ಮೇಲೆ ತಂದೆಗೆ ಅಧಿಕಾರವಿಲ್ಲವೆಂದು ಸಾರಲಾಯಿತು. ಮರುತಿಂಗಳು 21 ವರ್ಷಕ್ಕೆ ವಯಸ್ಕರೆಂದು ಗೊತ್ತುಮಾಡಲಾಯಿತು. 1793ರ ಜನವರಿ 21ರಂದು ರಾಜ ಹದಿನಾರನೆಯ ಲೂಯಿಯ ತಲೆ ಉರುಳಿತು. ಅದಾದ 45 ದಿನಗಳಿಗೆ, ಮಾರ್ಚ್ 7ರಂದು, ತಂದೆಯ ಆಸ್ತಿಯಲ್ಲಿ ಎಲ್ಲ ಮಕ್ಕಳಿಗೂ, ಹೆಣ್ಣು ಗಂಡು ಭೇದವಿಲ್ಲದೆ, ಸಮಪಾಲು ಎಂಬ ಶಾಸನ ಬಂತು. ನಾಡಿನ ತಂದೆಯನ್ನು ಇಳಿಸಿದವರು ಮನೆಯ ತಂದೆಯನ್ನೂ ಲೆಕ್ಕ ಕೇಳಿದರು.

ಆದರೆ ಅವರ ಕ್ರಾಂತಿ ಅರ್ಧದಲ್ಲೇ ನಿಂತಿತು. ತಂದೆಯ ಗಾದಿಯನ್ನು ಅಣ್ಣತಮ್ಮಂದಿರು ಹಂಚಿಕೊಂಡರು. ಅಕ್ಕತಂಗಿಯರು ಹೊರಗೇ ಉಳಿದರು. ಹೆಂಗಸಿನ ಹಕ್ಕುಗಳ ಘೋಷಣೆಯನ್ನು 1791ರಲ್ಲಿ ಬರೆದ ಒಲಾಂಪ್ ದ ಗೂಜ್ ಎಂಬ ಧೀರ ಮಹಿಳೆಯನ್ನು 1793ರ ನವೆಂಬರಿನಲ್ಲಿ ಗಿಲೊಟಿನ್ನಿಗೆ ಕಳಿಸಿದವರು ಇದೇ ಸಮಾನತೆಯ ಭಕ್ತರು. ಫ್ರಾನ್ಸಿನ ಹೆಂಗಸರಿಗೆ ಮತದಾನದ ಹಕ್ಕು ಬಂದದ್ದು 1944ರಲ್ಲಿ!

ಅರ್ಧಕ್ಕೆ ನಿಂತ ಕ್ರಾಂತಿಯ ಮೇಲೆ ನೆಪೋಲಿಯನ್ ಏರಿ ಕುಳಿತ. ಅವನು ಚಕ್ರವರ್ತಿಯಾದ 1804ರಲ್ಲೇ ಅವನ ಕಾನೂನು ಸಂಹಿತೆಯೂ ಹೊರಬಂತು. ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕು ಎಂದಿತು ಅದು. 16 ವರ್ಷದೊಳಗಿನ ಮಗುವನ್ನು ಒಂದು ತಿಂಗಳ ತನಕ ಬಂಧನದಲ್ಲಿಡಿಸುವ ಅಧಿಕಾರವನ್ನು ತಂದೆಗೆ ಕೊಟ್ಟಿತು. ಕಾರ್ಮಿಕ ಸಂಗಾತಿಗಳು ಕಿವಿಗೊಟ್ಟು ಕೇಳಬೇಕಾದ ಕಲಮು ಮುಂದಿದೆ: ಕೂಲಿಯ ವಿಷಯದಲ್ಲಿ ಮಾಲೀಕನಿಗೂ ಆಳಿಗೂ ವ್ಯಾಜ್ಯ ಬಂದರೆ ಮಾಲೀಕನ ಬಾಯಿಮಾತನ್ನೇ ನಂಬತಕ್ಕದ್ದು. ಈ ಕಲಮು 1868ರ ವರೆಗೂ ಬದುಕಿತ್ತು. ಮನೆಯಲ್ಲಿ ತಂದೆಯ ಮಾತಿಗೆ ಎದುರಿಲ್ಲವೆಂದ ಮೇಲೆ ಕಾರ್ಖಾನೆಯಲ್ಲಿ ಮಾಲೀಕನ ಮಾತಿಗೆ ಎದುರೆಲ್ಲಿ? ಚಕ್ರವರ್ತಿ, ಮಾಲೀಕ, ಮನೆಯ ಯಜಮಾನ, ಮೂವರೂ ಒಂದೇ ಸಂಹಿತೆಯ ಕೂಸುಗಳು. ತಂದೆಯ ಅಧಿಕಾರ ಎಂಬ ಮಾತನ್ನೇ ತೆಗೆದು ತಂದೆ ತಾಯಿ ಇಬ್ಬರ ಹೊಣೆಯೆಂದು ಫ್ರಾನ್ಸ್ ತಿದ್ದಿಕೊಂಡದ್ದು 1970ರಲ್ಲಿ.

ಪರದೇಶದ ಕಥೆ ಕೇಳಿ ತಲೆದೂಗಿ ಎದ್ದುಹೋಗುವುದು ಸುಲಭ. ನಮ್ಮ ಮನೆಯ ಕದವನ್ನೂ ತಟ್ಟೋಣ. ನಮ್ಮಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲಿತ್ತು, ಮಗಳಿಗೆ ಇರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಆ ಭೇದವನ್ನು ಪೂರಾ ಅಳಿಸಲಿಲ್ಲ. ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದು ಮಗಳಿಗೂ ಹುಟ್ಟಿನ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರಲ್ಲಿ ದೇಶಕ್ಕೆಲ್ಲ ಕಾಯಿದೆ ಬಂತು. ಆ ದಿನ ತಂದೆ ಬದುಕಿರಲಿ ಬಿಡಲಿ, ಮಗಳ ಹಕ್ಕು ಹಕ್ಕೇ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು.

ಕಾಯಿದೆ ಬಂತು, ನಾವು ಏನು ಮಾಡಿದೆವು? ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಅರ್ಧ ದಿನ ನಿಂತರೆ ಗೊತ್ತಾಗುತ್ತದೆ. ಅಕ್ಕತಂಗಿಯರನ್ನು ಊರಿಂದ ಕರೆಸಿ, ಸೀರೆ ಉಡಿಸಿ, ಊಟ ಹಾಕಿಸಿ, ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತೇವೆ. "ತವರು ಬೇಕೋ, ಪಾಲು ಬೇಕೋ?" ಎಂದು ಕೇಳುತ್ತೇವೆ. ಈ ಮಾತಿಗೂ ಧಣಿಯ "ತಂದೆಯ ಸಮಾನ" ಎಂಬ ಮಾತಿಗೂ ಏನು ವ್ಯತ್ಯಾಸ? ಪ್ರೀತಿಯನ್ನು ಮುಂದಿಟ್ಟು ಹಕ್ಕನ್ನು ಕಸಿಯುವುದು ಎರಡರಲ್ಲೂ ಒಂದೇ. ಅಂಗಡಿಯಲ್ಲೂ ನೋಡಿ: ಮಗನಿಗೆ ನಲವತ್ತು ತುಂಬಿದರೂ ಗಲ್ಲಾಪೆಟ್ಟಿಗೆಯ ಕೀಲಿ ಅಪ್ಪನ ಸೊಂಟದಲ್ಲೇ. ಸೊಸೆಗೆ ಔಷಧಿ ಬೇಕಾದರೂ ಮಗ ಕೈಚಾಚಿ ನಿಲ್ಲಬೇಕು.

ನಾವು ಬೇರೆಯವರನ್ನು ಬಯ್ಯಲು ಇಲ್ಲಿ ನಿಂತಿಲ್ಲ. ಸಂಘದ ಸಭೆಯಲ್ಲಿ ಕೈಯೆತ್ತಿ ಮತ ಹಾಕಿ, ಮನೆಗೆ ಹೋಗಿ ಒಂದೇ ಗದರಿಕೆಯಲ್ಲಿ ಎಲ್ಲರ ಬಾಯಿ ಮುಚ್ಚಿಸಿದವರು ನಾವೂ ಹೌದು. ಅಂಥ ಮನೆಯಲ್ಲಿ ಬೆಳೆದ ಹುಡುಗ ನಾಳೆ ಮತ ಹಾಕುವಾಗ ಪ್ರತಿನಿಧಿಯನ್ನು ಆರಿಸುತ್ತಾನೆಯೇ, ಇನ್ನೊಬ್ಬ ಅಪ್ಪನನ್ನು ಹುಡುಕುತ್ತಾನೆಯೇ? ಗೆದ್ದವನನ್ನು ಲೆಕ್ಕ ಕೇಳುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು?

ತಂದೆತನವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಮಗುವನ್ನು ಶಾಲೆಗೆ ಬಿಟ್ಟು ಆಮೇಲೆ ಮಲಗುವ ತಂದೆಗಳು ಈ ಸಭೆಯಲ್ಲೇ ಇದ್ದಾರೆ. ಆ ಪ್ರೀತಿಗೆ ದಬ್ಬಾಳಿಕೆಯ ಊರುಗೋಲು ಬೇಡ. ಈ ತಿಂಗಳ ಸಂಬಳ ಬಂದ ದಿನ, ಅಂಗಡಿಯ ತಿಂಗಳ ಲೆಕ್ಕ ಮುಗಿದ ದಿನ, ಮನೆಯವರನ್ನೆಲ್ಲ ಕೂರಿಸಿ ಆದಾಯವೆಷ್ಟು, ಸಾಲವೆಷ್ಟು ಎಂದು ಹೇಳೋಣ. ಹೆಂಡತಿಯ ಮಾತು, ಬೆಳೆದ ಮಗಳ ಮಾತು ಕೇಳೋಣ. ಅಕ್ಕತಂಗಿಯರ ಪಾಲಿನ ಕಾಗದವಿದ್ದರೆ ಅದನ್ನು ಅವರಿಗೇ ಓದಿ ಹೇಳೋಣ. ಧಣಿಯನ್ನು ಲೆಕ್ಕ ಕೇಳುವ ಅಧಿಕಾರ ಮನೆಯಲ್ಲಿ ಲೆಕ್ಕ ಒಪ್ಪಿಸುವವನ ಬಾಯಲ್ಲಿ ಗಟ್ಟಿಯಾಗುತ್ತದೆ.