ಒಂದು ಫಾಸ್ಫೇಟ್ ಬಂದು ಕೂತಾಗ

ಕೃಷಿ ಮೇಳಕ್ಕೆಂದು ನಾವು ಯಲಹಂಕದವರು ಹೋಗುವ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೇ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್ ಇದೆ. ಒಂದು ಕಡೆ ಹೊಲಕ್ಕೆ ಎಷ್ಟು ರಂಜಕ ಬೇಕೆಂಬ ಲೆಕ್ಕ, ಇನ್ನೊಂದು ಕಡೆ ಜೀವಕೋಶದ ಒಳಗಿನ ಹುಡುಕಾಟ. ಡಿಎಪಿ ಗೊಬ್ಬರದ ಮೂಟೆಯಲ್ಲಿರುವ ಫಾಸ್ಫೇಟೇ ನಮ್ಮ ಪ್ರೋಟೀನುಗಳ ಮೇಲೂ ಬಂದು ಕೂರುತ್ತದೆ.

ಕೂತರೆ ಏನಾಗುತ್ತದೆ? ಬಸ್ಸು ಹಿಡಿಯಲು ಓಡುವವರ ಕಾಲಿನ ಸ್ನಾಯುವನ್ನೇ ನೋಡಿ. ಅಲ್ಲಿ ಗ್ಲೂಕೋಸ್ ಗ್ಲೈಕೋಜನ್ ರೂಪದಲ್ಲಿ ಶೇಖರವಾಗಿರುತ್ತದೆ. ಅದನ್ನು ಒಡೆಯುವ ಕಿಣ್ವ ಗ್ಲೈಕೋಜನ್ ಫಾಸ್ಫೊರಿಲೇಸ್. ಎಂಟುನೂರಕ್ಕೂ ಹೆಚ್ಚು ಅಮೈನೊ ಆಮ್ಲಗಳ ಎರಡು ಸರಗಳು ಜೋಡಿಯಾಗಿ ದುಡಿಯುತ್ತವೆ. ಪ್ರತಿ ಸರದಲ್ಲೂ 14ನೆಯದು ಸೆರೀನ್. ಕೈನೇಸ್ ಎಂಬ ಇನ್ನೊಂದು ಕಿಣ್ವ ಎಟಿಪಿ ಎಂಬ ಶಕ್ತಿಯ ಅಣುವಿನಿಂದ ಫಾಸ್ಫೇಟ್ ಕಿತ್ತು ಆ ಸೆರೀನ್‌ಗೆ ಅಂಟಿಸುತ್ತದೆ. ಫಾಸ್ಫೇಟ್ ಋಣ ಆವೇಶದ್ದು. ಹಾಗಾಗಿ ಅದುವರೆಗೆ ಸಡಿಲವಾಗಿದ್ದ ಸರದ ತುದಿ ಧನ ಆವೇಶದ ಎರಡು ಆರ್ಜಿನಿನ್‌ಗಳತ್ತ ಹೊರಳಿ ಕಚ್ಚಿಕೊಳ್ಳುತ್ತದೆ. ಒಂದು ತನ್ನದೇ ಸರದ 69ನೆಯದು. ಇನ್ನೊಂದು ಜೊತೆಗಾರ ಸರದ 43ನೆಯದು. ಆಗ ಎರಡೂ ಸರಗಳು ಪರಸ್ಪರ ಸುಮಾರು 10 ಡಿಗ್ರಿ ತಿರುಗುತ್ತವೆ, ಕೆಲಸ ನಡೆಯುವ ಜಾಗಕ್ಕೆ ಅಡ್ಡವಿದ್ದ ಕುಣಿಕೆ ಪಕ್ಕಕ್ಕೆ ಸರಿಯುತ್ತದೆ. ಫಾಸ್ಫೇಟ್ ಕೂತದ್ದೆಲ್ಲೋ, ದಾರಿ ಬಿಟ್ಟದ್ದೆಲ್ಲೋ! ನನಗಂತೂ ಬೆರಗು ಇಲ್ಲೇ.

ಇದರ ಮೊದಲ ಸುಳಿವು 1955ರ ಹೊತ್ತಿಗೆ ಸಿಯಾಟಲ್‌ನಲ್ಲಿ ಎಡ್ಮಂಡ್ ಫಿಷರ್, ಎಡ್ವಿನ್ ಕ್ರೆಬ್ಸ್ ಅವರಿಗೆ ಸಿಕ್ಕಿತು. ನೊಬೆಲ್ ಬಂದದ್ದು 1992ರಲ್ಲಿ; ತಡವಾಯಿತೆಂದೇ ನನ್ನ ತಕರಾರು. ನಮ್ಮ ಯಶವಂತಪುರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜಿ. ಎನ್. ರಾಮಚಂದ್ರನ್ ಕಟ್ಟಿದ ಅಣುಜೈವಿಕ ಭೌತವಿಜ್ಞಾನ ವಿಭಾಗದಲ್ಲಿ ಎನ್. ಶ್ರೀನಿವಾಸನ್ 2021ರಲ್ಲಿ ತೀರಿಕೊಳ್ಳುವವರೆಗೂ ಈ ಕೈನೇಸ್‌ಗಳ ಬೆನ್ನುಹತ್ತಿದ್ದರು.

ಫಾಸ್ಫೇಟ್ ಬಂದರೆ ಪ್ರೋಟೀನು ಚುರುಕಾಗುತ್ತದೆ ಎಂದು ಮಾತ್ರ ಬರೆದುಕೊಳ್ಳಬೇಡಿ. ಗ್ಲೈಕೋಜನ್ ಕಟ್ಟುವ ಸಿಂಥೇಸ್ ಕಿಣ್ವಕ್ಕೆ ಇದೇ ಫಾಸ್ಫೇಟ್ ತಾಗಿದರೆ ಅದು ಮಂಕಾಗುತ್ತದೆ. ಒಡೆಯುವ ಹೊತ್ತಿನಲ್ಲಿ ಕಟ್ಟುವ ಕೆಲಸ ನಿಲ್ಲಬೇಕಲ್ಲ! ಎಲ್ಲಿ ಕೂತಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೆಲಸ ಮುಗಿದ ಮೇಲೆ ಫಾಸ್ಫಟೇಸ್‌ಗಳು ಅದನ್ನು ತೆಗೆದುಹಾಕುತ್ತವೆ.

ಕೈನೇಸೇ ಲಗಾಮು ತಪ್ಪಿದರೆ? ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿನಲ್ಲಿ ಬಿಸಿಆರ್-ಎಬಿಎಲ್ ಎಂಬ ಕೈನೇಸ್ ಬಿಡುವಿಲ್ಲದೆ ಫಾಸ್ಫೇಟ್ ಅಂಟಿಸುತ್ತಲೇ ಇರುತ್ತದೆ. ಇಮಾಟಿನಿಬ್ ಮಾತ್ರೆ ಎಟಿಪಿಯ ಜಾಗದಲ್ಲಿ ತಾನು ಕೂತು ಅದನ್ನು ನಿಷ್ಕ್ರಿಯ ರೂಪದಲ್ಲೇ ಹಿಡಿದಿಡುತ್ತದೆ. ಅಮೆರಿಕದಲ್ಲಿ 2001ರಲ್ಲಿ ಅನುಮತಿ ಪಡೆದ ಈ ಔಷಧದ ಹೊಸ ಪೇಟೆಂಟನ್ನು ನಮ್ಮ ಸುಪ್ರೀಂ ಕೋರ್ಟು 2013ರಲ್ಲಿ ನಿರಾಕರಿಸಿತು. ಅಗ್ಗದ ಜೆನೆರಿಕ್ ಮಾತ್ರೆಗಳು ಉಳಿದವು. ನಿಮ್ಮ ಬಳಗದಲ್ಲಿ ಯಾರಾದರೂ ಇದನ್ನು ನುಂಗುತ್ತಿದ್ದರೆ, ಚೆನ್ನಾಗಿದ್ದೇನೆಂದು ತಾವೇ ನಿಲ್ಲಿಸದಿರಲು, ಡಾಕ್ಟರನ್ನು ಕೇಳಲು ದಯವಿಟ್ಟು ಹೇಳಿ.