ಲಾಕಿಂಗ್ ರೂಮಿನ ಮುಚ್ಚಿದ ಕಿಟಕಿಗಳು



ರೈಲ್ವೆ ಪರಂಪರೆಯನ್ನೆಲ್ಲ ಸುತ್ತಿಬರುವ ಆಸೆ ನನಗಿಲ್ಲ. ಬ್ರಿಟನ್ನಿನ ಹಳೆಯ ಸಿಗ್ನಲ್ ಬಾಕ್ಸ್‌ಗಳ ಬಗ್ಗೆ ನನ್ನದೊಂದು ತಕರಾರಿದೆ, ಅದನ್ನಷ್ಟೇ ಹೇಳುತ್ತೇನೆ. ನಮ್ಮ ರೈಲ್ವೆಯವರು ಕ್ಯಾಬಿನ್ ಎಂದು ಕರೆಯುವ ಕಟ್ಟಡಗಳೇ ಇವು. ಇವನ್ನು ಉಳಿಸಲು ಹೊರಟವರು ಮೊದಲು ಕೇಳುವುದು, ಕಟ್ಟಿದ ದಿನ ಇದು ಹೇಗಿತ್ತು ಎಂದು. ಆಮೇಲೆ ಸೇರಿದ್ದೆಲ್ಲ ಅವರ ಕಣ್ಣಿಗೆ ಕಸ. ನನಗೆ ಆ ಸೇರಿದ್ದರ ಮೇಲೇ ಆಸೆ.

ಕಟ್ಟಡಕ್ಕಿಂತ ಮೊದಲು ಯಂತ್ರ ನೋಡಿ. 1856ರಲ್ಲಿ ಜಾನ್ ಸ್ಯಾಕ್ಸ್‌ಬಿ ಪಾಯಿಂಟು, ಸಿಗ್ನಲ್‌ಗಳನ್ನು ಒಂದಕ್ಕೊಂದು ಹೊಂದಿಸಿ ನಡೆಸುವ ಏರ್ಪಾಡಿಗೆ ಪೇಟೆಂಟ್ ಪಡೆದ. ಐರ್ಲೆಂಡಿನ ಅರ್ಮಾದಲ್ಲಿ 1889ರ ಜೂನ್ 12ರಂದು ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೋಡಿ ಸುಮಾರು 80 ಜನ ಸತ್ತರು. ಆ ದುರಂತದ ಬೆನ್ನಿಗೆ ಅದೇ ವರ್ಷ ಬಂದ ಕಾಯಿದೆ ಪ್ರಯಾಣಿಕರ ಮಾರ್ಗಗಳಲ್ಲಿ ಈ ಏರ್ಪಾಡನ್ನು, ಅಂದರೆ ಇಂಟರ್‌ಲಾಕಿಂಗ್ ಅನ್ನು, ಕಡ್ಡಾಯ ಮಾಡಿತು. ಮೇಲೆ ಲಿವರ್‌ಗಳು, ಕೆಳಗೆ ಅವುಗಳ ಬೀಗಗಳಿರುವ ಲಾಕಿಂಗ್ ರೂಮು. ಗೋಡೆ, ಮಾಡು ಎಲ್ಲ ಈ ಕಬ್ಬಿಣಕ್ಕೆ ಹೊದಿಸಿದ ಅಂಗಿ. ಮೈ ಬೆಳೆದಂತೆ ಅಂಗಿಯ ಹೊಲಿಗೆ ಬಿಚ್ಚಲೇಬೇಕಲ್ಲ.

ಒಂದು ಸೈಡಿಂಗ್ ಹೆಚ್ಚಾದರೆ ಲಿವರ್‌ಗಳೂ ಹೆಚ್ಚುತ್ತವೆ, ಚೌಕಟ್ಟು ಉದ್ದವಾಗುತ್ತದೆ, ಕಟ್ಟಡದ ಒಂದು ತುದಿ ಒಡೆದು ಮುಂದಕ್ಕೆ ಕಟ್ಟಬೇಕಾಗುತ್ತದೆ. ಇಟ್ಟಿಗೆಯ ಬಣ್ಣ ಬದಲಾಗುವ ಸಾಲು ಹೊರಗಿನಿಂದಲೇ ಕಾಣುತ್ತದೆ. ಕೆಲವೊಮ್ಮೆ ಗೋಡೆ ಮುಟ್ಟದೆಯೂ ಕೆಲಸವಾಯಿತು. ಮಿಡ್‌ಲ್ಯಾಂಡ್ ರೈಲ್ವೆಯ ಲಿವರ್‌ಗಳ ನಡುವಿನ ಅಂತರ 6 ಅಂಗುಲ. ಮುಂದೆ ಎಲ್‌ಎಂಎಸ್ ಕಂಪನಿ ತಂದ ಚೌಕಟ್ಟಿನಲ್ಲಿ ನಾಲ್ಕೂವರೆ. 24 ಲಿವರ್ ಹಿಡಿಸುತ್ತಿದ್ದ 12 ಅಡಿಯಲ್ಲಿ 32 ನಿಲ್ಲಿಸಬಹುದು. ಹೊಸ ಚೌಕಟ್ಟನ್ನು ಎಷ್ಟೋ ಕಡೆ ಹಿಂಗೋಡೆಗೆ ಒತ್ತಿ ಇಟ್ಟರು, ಸಿಗ್ನಲ್‌ಮನ್ನಿನ ಕಣ್ಣಿಗೂ ಹಳಿಗೂ ನಡುವೆ ಏನೂ ಅಡ್ಡ ಬಾರದಿರಲೆಂದು.

ಆದರೆ ಕಣ್ಣನ್ನೇ ನಂಬಿದರೆ ಏನಾಗುತ್ತದೆ ಎಂಬುದು 1915ರ ಮೇ 22ರಂದು ಸ್ಕಾಟ್‌ಲೆಂಡಿನ ಕ್ವಿಂಟಿನ್ಸ್‌ಹಿಲ್‌ನಲ್ಲಿ ಗೊತ್ತಾಯಿತು. ಬೆಳಗಿನ ಪಾಳಿಗೆ ಬಂದ ಸಿಗ್ನಲ್‌ಮನ್, ತಾನೇ ಇಳಿದುಬಂದ ಲೋಕಲ್ ರೈಲು ಹಳಿಯ ಮೇಲೇ ನಿಂತಿದೆಯೆಂಬುದನ್ನು ಮರೆತು, ಸೈನಿಕರ ರೈಲಿಗೆ ದಾರಿ ಬಿಟ್ಟ. ಬ್ರಿಟನ್ ಕಂಡ ಅತಿ ದೊಡ್ಡ ರೈಲು ದುರಂತ ಅದು. ಹಳಿಯೇ ತನ್ನ ಮೇಲೆ ರೈಲಿದೆಯೆಂದು ತಿಳಿಸುವ ಟ್ರ್ಯಾಕ್ ಸರ್ಕ್ಯೂಟ್ ಹರಡಿದಂತೆ ರಿಲೇಗಳಿಗೆ ಜಾಗ ಬೇಕಾಯಿತು. ಚೆಂದದ ಕ್ಯಾಬಿನ್‌ಗಳ ಮಗ್ಗುಲಿಗೆ ಮೊಂಡು ಪೆಟ್ಟಿಗೆಯಂಥ ಕೋಣೆಗಳು ಅಂಟಿಕೊಂಡದ್ದು ಹಾಗೆ. ಕುರೂಪ ನಿಜ. ಆದರೂ ಅವನ್ನು ಕೆಡವುವವರು ಏನನ್ನು ಕೆಡವುತ್ತಿದ್ದೇವೆಂದು ತಿಳಿದಿರಬೇಕು.

ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಹೊಡೆತಕ್ಕೆ ಹೆದರಿ ಅನೇಕ ಲಾಕಿಂಗ್ ರೂಮುಗಳ ಕಿಟಕಿಗಳಿಗೆ ಇಟ್ಟಿಗೆ ತುಂಬಿದರು. ಮೇಲಿನ ಗಾಜನ್ನು ಮುಚ್ಚುವಂತಿರಲಿಲ್ಲ, ಸಿಗ್ನಲ್‌ಮನ್ ನೋಡಲೇಬೇಕು. ಗಾಜು ಒಡೆದರೆ ಬದಲಿಸಬಹುದು. ಕೆಳಗಿನ ಬೀಗಗಳು ಜಖಂಗೊಂಡರೆ ಇಡೀ ಜಂಕ್ಷನ್ ನಿಂತುಹೋಗುತ್ತದೆ. ಯಾವುದನ್ನು ಮೊದಲು ಕಾಪಾಡಬೇಕೆಂದು ರೈಲ್ವೆ ಮಾಡಿದ ತೀರ್ಮಾನವನ್ನು ಆ ಗೋಡೆ ಇಂದಿಗೂ ತೋರಿಸುತ್ತದೆ. ಈಗ 'ಮೂಲ ರೂಪ'ದ ಹೆಸರಿನಲ್ಲಿ ಆ ಇಟ್ಟಿಗೆ ತೆಗೆದು ಹೊಸ ಕಿಟಕಿ ಕೂರಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಉಳಿದ ಬದಲಾವಣೆಗಳು ಸಣ್ಣವು. ಬುಡ ಕೊಳೆತ ಮರದ ಗೋಡೆಗೆ ಇಟ್ಟಿಗೆ ಬಂತು, ಕಲ್ಲಿದ್ದಲಿನ ಒಲೆ ಹೋದಾಗ ಚಿಮಣಿಯೂ ಹೋಯಿತು, ಮಾಡಿನ ಕೆತ್ತನೆ ಸವೆದದ್ದು ಮತ್ತೆ ಬರಲಿಲ್ಲ. ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿಗಳನ್ನು ಮಾತ್ರ ಸಮರ್ಥಿಸಲು ನನ್ನಿಂದಾಗದು. ಆದರೆ ಆ ಬಾಕ್ಸ್‌ಗಳೊಳಗೆ ಚಳಿಯಲ್ಲಿ ಪಾಳಿ ಕಳೆದವರನ್ನು ಕೇಳಿದರೆ ಬೇರೆ ಉತ್ತರ ಬಂದೀತು.

1948ರಲ್ಲಿ ಬ್ರಿಟಿಷ್ ರೈಲ್ವೇಸ್ ಕೈಗೆ ಬಂದ ಬಾಕ್ಸ್‌ಗಳು ಸುಮಾರು 10,000. 1970ರ ಹೊತ್ತಿಗೆ ಉಳಿದವು ಸುಮಾರು 4,000. ಶ್ರೂಸ್‌ಬರಿಯಲ್ಲಿ 1903ರ ಸೆವರ್ನ್ ಬ್ರಿಡ್ಜ್ ಜಂಕ್ಷನ್ ಬಾಕ್ಸ್ 180 ಲಿವರ್‌ಗಳ ಚೌಕಟ್ಟಿನೊಂದಿಗೆ ಈಗಲೂ ನಿಂತಿದೆ. ಕೆಲಸವಿಲ್ಲದ ಲಿವರ್‌ಗೆ ಬಿಳಿ ಬಣ್ಣ ಬಳಿಯುವುದು ಅಲ್ಲಿನ ಪದ್ಧತಿ. ಎಷ್ಟು ಹಳಿ ಹೋಯಿತೆಂಬುದನ್ನು ಆ ಬಿಳಿಯಲ್ಲೇ ಎಣಿಸಬಹುದು.

ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್ ಬಂದು ನಮ್ಮ ಕ್ಯಾಬಿನ್‌ಗಳೂ ಖಾಲಿಯಾಗುತ್ತಿವೆ. ಆದ್ದರಿಂದ ನಾಳೆಯ ಗೋಷ್ಠಿಗಳಲ್ಲಿ ನಕ್ಷೆ ಮಂಡಿಸುವವರಲ್ಲಿ ಒಂದು ಕೋರಿಕೆ: ಗೋಡೆಯ ಪ್ರತಿ ಸೇರ್ಪಡೆಯ ಪಕ್ಕದಲ್ಲಿ ಅದು ಯಾವ ಲಿವರ್‌ಗಾಗಿ, ಯಾವ ನಿಯಮಕ್ಕಾಗಿ ಬಂತೆಂದು ಬರೆದು ತನ್ನಿ.