ಕಚೇರಿಯ ಬಾಗಿಲು ಈಗ ಫೋನಿನಲ್ಲಿದೆ
(ಎಮರಾಲ್ಡ್‌ನ ತೋಟದ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಆಟಿಸಂ ಎಂಬುದು ಯಾರದೋ ಕಣ್ಣು ಬಿದ್ದು ಬಂದದ್ದಲ್ಲ, ತಾಯಿಯ ತಪ್ಪಿನಿಂದಲೂ ಬಂದದ್ದಲ್ಲ. ಅಂಥ ಮಗುವಿನ ಮೆದುಳು ಬೆಳೆಯುವ ರೀತಿಯೇ ಬೇರೆ. ಹೆಸರು ಹಿಡಿದು ಕರೆದರೂ ಕೆಲವು ಮಕ್ಕಳು ತಿರುಗುವುದಿಲ್ಲ. ಕೆಲವರು ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳುವ 21 ಬಗೆಗಳಲ್ಲಿ ಇದೂ ಒಂದು. ನಿರಾಮಯ ಎಂಬ ವಿಮೆಯಿಂದ ಇಂಥ ಮಕ್ಕಳ ಚಿಕಿತ್ಸೆಗೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ.

ಇದೆಲ್ಲ ಎಲ್ಲಿ ಬರೆದಿದೆ? ವೆಬ್‌ಸೈಟಿನಲ್ಲಿ. ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕುವುದೂ ಅಲ್ಲಿಯೇ. ಅದು ಅರ್ಥವಾಗದಿದ್ದರೆ ನಷ್ಟ ಯಾರಿಗೆ? ಮಗುವನ್ನು ಎತ್ತಿಕೊಂಡು ಊಟಿಗೆ ಬಸ್ಸು ಹತ್ತಿದ ತಾಯಿ, ಒಂದು ಕಾಗದ ಕಡಿಮೆಯೆಂದು ಹಿಂದಿರುಗಿದರೆ ಆ ದಿನದ ಹಾಜರಿ ಹೋಯಿತು. ಬಸ್ಸಿನ ಗದ್ದಲಕ್ಕೆ ಅತ್ತು ಬಳಲಿದ ಮಗುವನ್ನು ಇನ್ನೊಮ್ಮೆ ಕರೆದೊಯ್ಯಬೇಕು.

ಆದ್ದರಿಂದ ಎಲ್ಲಿಗೆ ಹೋಗಬೇಕು, ಯಾವ ದಿನ, ಏನೇನು ತರಬೇಕು ಎಂಬುದು ಮೊದಲ ಪುಟದಲ್ಲೇ ಇರಲಿ. ಅಧ್ಯಕ್ಷರ ಭಾವಚಿತ್ರ ಆಮೇಲೆ ಬಂದರೂ ನಮಗೆ ಬೇಸರವಿಲ್ಲ! ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಎನ್ನುವವರು ನಾವು; ಎರಡರಲ್ಲೂ ಬೇಕು. ಓದಲು ಬಾರದ ಅಜ್ಜಿಗೆ ಓದಿ ಹೇಳುವ ಧ್ವನಿಯೂ ಬೇಕು. ಅರ್ಧ ತುಂಬಿಸಿದ ಅರ್ಜಿ ಸಿಗ್ನಲ್ ಹೋದರೆ ಅಳಿಸಿ ಹೋಗಬಾರದು. ಈ ಬೆಟ್ಟಗಳ ಮಧ್ಯೆ ಸಿಗ್ನಲ್ ಎಷ್ಟು ಹೊತ್ತು ನಿಲ್ಲುತ್ತದೆಂದು ನಿಮಗೇ ಗೊತ್ತು.

ಫೋನ್ ನೋಡುವಾಗ ಮಗುವೂ ಮಡಿಲಲ್ಲಿ ಇರುತ್ತದೆ. ಪುಟ ತೆರೆದ ಕೂಡಲೇ ಹಾಡು ಮೊಳಗಿದರೆ ಅದು ಬೆದರೀತು. 2008ರಲ್ಲಿ ಹೊರಟ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ, ತಾನಾಗಿ ಬರುವ ಸದ್ದು 3 ಸೆಕೆಂಡಿಗಿಂತ ಹೆಚ್ಚಾದರೆ ನಿಲ್ಲಿಸುವ ದಾರಿ ಕೊಡಬೇಕು. ಬ್ರಿಟನ್ನಿನ ಗೃಹ ಇಲಾಖೆ 2016ರಲ್ಲಿ ಆಟಿಸಂ ಇರುವವರಿಗಾಗಿ ಹೇಳಿದ್ದೂ ಸರಳವೇ: ಕಣ್ಣು ಕುಕ್ಕುವ ಬಣ್ಣ ಬೇಡ, ಒಗಟಿನಂಥ ಮಾತು ಬೇಡ. ಒತ್ತುವ ಗುಂಡಿಯ ಮೇಲೆ "ಇಲ್ಲಿ ಒತ್ತಿ" ಎಂದಷ್ಟೇ ಬರೆಯದೆ "ಅರ್ಜಿ ಕಳುಹಿಸಿ" ಎಂದು ಬರೆಯಬೇಕು.

ಒಂದು ಎಚ್ಚರಿಕೆ. "ಆರು ತಿಂಗಳಲ್ಲಿ ಪೂರ್ತಿ ಗುಣ" ಎಂದು ಹಣ ಕೇಳುವ ವೆಬ್‌ಸೈಟ್ ಎಷ್ಟು ಅಂದವಾಗಿದ್ದರೂ ಮುಚ್ಚಿಬಿಡಿ. ಆಟಿಸಂ ಅನ್ನು ಪೂರ್ತಿ ಗುಣಪಡಿಸುವ ಔಷಧವಿಲ್ಲ. ಚಿಕ್ಕಂದಿನಲ್ಲೇ ಆರಂಭಿಸಿದ ತರಬೇತಿಯಿಂದ ಮಕ್ಕಳು ಬಹಳ ಕಲಿಯುತ್ತಾರೆ. ಕನ್ನಡದಲ್ಲೇ ಕೇಳಿ ತಿಳಿಯಬೇಕಾದರೆ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ.

ಇಂಥ ವೆಬ್‌ಸೈಟ್ ಮಾಡುವ ಓದಿದ ಹುಡುಗರು ನಮ್ಮ ಲೈನ್ ಮನೆಗಳಿಂದಲೂ ಹೊರಟಿದ್ದಾರೆ. ತಮ್ಮಂದಿರೇ, ಮಾಡಿದ್ದನ್ನು ಮೊದಲು ಎಲೆ ಕೊಯ್ದು ಬಂದ ಒಬ್ಬ ತಾಯಿಯ ಕೈಗೆ ಕೊಡಿ. ನೀವು ಬಾಯಿ ಬಿಡಬೇಡಿ. ಅವಳ ಬೆರಳು ಎಲ್ಲಿ ನಿಲ್ಲುತ್ತದೋ ನೋಡಿ, ಆ ಜಾಗವನ್ನು ತಿದ್ದಿ.